ಎಡಗಡೆ ಸೀಟಿನ ಸಿಲಿಂಡರ್

ಮುಳ್ಳು ಹಸಿರು ಪಟ್ಟಿಯೊಳಗೇ ಇತ್ತು, ಆದರೆ ಕೆಂಪಿನ ಗಡಿಯಿಂದ ಒಂದೇ ಒಂದು ಮಿಲಿಮೀಟರು ಈಚೆಗೆ. ನಾನು ಆ ಸಿಲಿಂಡರನ್ನು ಕೌಂಟರಿನ ಮೇಲೆ ವಾಪಸ್ಸು ಇಟ್ಟು, ಬೇರೆಯದು ತೋರಿಸಿ ಎಂದೆ. ಅಂಗಡಿಯವರು ಒಳಗಿನಿಂದ ಇನ್ನೊಂದು ತಂದರು. ಅದರ ಮುಳ್ಳು ಹಸಿರಿನ ನಟ್ಟನಡುವೆ ನಿಂತಿತ್ತು. ಗಾಜನ್ನು ಉಗುರಿನಿಂದ ಎರಡು ಸಲ ತಟ್ಟಿ ನೋಡಿದೆ. ಅಲುಗಲಿಲ್ಲ.

“ಒಡವೆ ಅಂಗಡೀಲೂ ಇಷ್ಟು ನೋಡಲ್ಲ ಮೇಡಂ ಜನ. ಸಿಲಿಂಡರ್ ಅಷ್ಟೇ ಕಣ್ರೀ ಇದು,” ಎಂದರು ಅವರು.

ಯಶವಂತಪುರದಿಂದ ತುಮಕೂರು ರಸ್ತೆಯ ಕಡೆ ಹೊರಳುವಲ್ಲಿ, ಪಂಪು, ಪೈಪು, ಹೆಲ್ಮೆಟ್ಟುಗಳನ್ನು ಮಾರುವ ಸಾಲಿನಲ್ಲಿದ್ದ ಅಂಗಡಿ ಅದು. ಕಾರಿನಲ್ಲಿಡುವ, ಒಂದು ಕೆಜಿ ಪುಡಿ ತುಂಬಿದ, ಬೆಂಕಿ ಆರಿಸುವ ಸಾಧನವೊಂದು ನನಗೆ ಬೇಕಿತ್ತು. ಹಿಂದಿನ ವಾರ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ, ಸರ್ವಿಸ್ ರಸ್ತೆಯಲ್ಲಿ, ಒಂದು ಕಾರು ಉರಿಯುವುದನ್ನು ನೋಡಿದ್ದೆ. ಒಳಗಿದ್ದವರು ಇಳಿದು ಫುಟ್‌ಪಾತಿನ ಮೇಲೆ ನಿಂತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಒಬ್ಬ ಟ್ಯಾಕ್ಸಿ ಚಾಲಕರು ತಮ್ಮ ಗಾಡಿಯಿಂದ ಇಂಥದೇ ಕೆಂಪು ಸಾಧನವನ್ನು ತಂದು, ಪಿನ್ನು ಕಿತ್ತು, ಹಿಡಿ ಒತ್ತಿದರು. ಅದರಿಂದ ಏನೂ ಬರಲಿಲ್ಲ. ಮತ್ತೆ ಒತ್ತಿದರು. ಆಮೇಲೆ ಅದನ್ನು ತಿರುಗಿಸಿ, ಮುಳ್ಳು ಎಲ್ಲಿದೆ ಎಂದು ಮೊದಲ ಸಲ ನೋಡಿದರು. ಟ್ರಾಫಿಕ್ಕಿನಲ್ಲಿ ನಿಂತ ನಾನು ಅವರ ಮುಖವನ್ನು ಸ್ಪಷ್ಟವಾಗಿ ಕಂಡೆ.

ಯಲಹಂಕದ ಒಂದು ಪ್ರಯೋಗಾಲಯದಲ್ಲಿ ಅಳತೆಯ ಉಪಕರಣಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಒತ್ತಡದ ಮಾಪಕಗಳೇ ಹೆಚ್ಚು ಬರುತ್ತವೆ. ಮುಳ್ಳು ತೋರಿಸುವುದಕ್ಕೂ ಒಳಗೆ ನಿಜವಾಗಿ ಇರುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಬರೆದು ಸಹಿ ಹಾಕಿ ಕಳಿಸುತ್ತೇನೆ. ಇಂಥ ಕೆಲಸ ಮಾಡುವವಳ ಕಾರಿನಲ್ಲಿ ಆ ಸಾಧನವೇ ಇರಲಿಲ್ಲವೆಂಬುದು ನನಗೆ ನಾಚಿಕೆ ತರಿಸಿತು.

ಅದನ್ನು ಏನೆಂದು ಕರೆಯುವುದು ಎಂಬುದೂ ಒಂದು ತೊಡಕು. ಅಗ್ನಿಶಾಮಕ ಎಂದರೆ ಕೇಳಿದವರಿಗೆ ಗಂಟೆ ಬಾರಿಸಿಕೊಂಡು ಹೋಗುವ ಕೆಂಪು ಲಾರಿ ನೆನಪಾಗುತ್ತದೆ. ಫೈರ್ ಎಕ್ಸ್‌ಟಿಂಗ್ವಿಷರ್ ಎನ್ನಲು ಹೋದರೆ ನಾಲಿಗೆ ತೊಡರುತ್ತದೆ. ಅಂಗಡಿಯವರು ಸಿಲಿಂಡರ್ ಎಂದರು, ನಾನೂ ಸಿಲಿಂಡರ್ ಎಂದೆ. ಕೆಲಸದಲ್ಲಿ ಒಂದು ಪದ ಆಚೀಚೆ ಆದರೆ ವರದಿಯನ್ನೇ ತಿರುಗಿಸಿ ಕಳಿಸುವವಳು ನಾನು. ಇಲ್ಲಿ ಮಾತ್ರ ಸುಲಭದ್ದನ್ನು ಆರಿಸಿಕೊಂಡೆ.

ಹಿಡಿದಿಡುವ ಕ್ಲಾಂಪು ಕೂರಿಸುವ ತನಕ ಅದು ಕಾರಿನೊಳಗೆ ನೆಲೆ ಇಲ್ಲದೆ ಅಲೆದಾಡಿತು. ಹಿಂದಿನ ಸೀಟಿನ ಕೆಳಗಿಟ್ಟರೆ ಪ್ರತಿ ಬ್ರೇಕಿಗೂ ಉರುಳಿ ಬಂದು ನನ್ನ ಸೀಟಿಗೆ ಗುದ್ದುತ್ತಿತ್ತು. ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಬಿಗಿದು ನೋಡಿದೆ. ಮೇಖ್ರಿ ಸರ್ಕಲ್ಲಿನ ಹತ್ತಿರ ಬೆಲ್ಟಿನಡಿಯಿಂದ ಜಾರಿ ಕೆಳಗೆ ಬಿತ್ತು. ಎದುರಿನಿಂದ ಏನಾದರೂ ಬಂದು ಹೊಡೆದರೆ ಬೆಂಕಿಗಿಂತ ಮೊದಲು ಪುಡಿಯೂ ಸೇರಿ ಎರಡು ಕೆಜಿ ತೂಗುವ ಈ ಕಬ್ಬಿಣವೇ ನನ್ನನ್ನು ಮುಗಿಸುತ್ತದೆ ಅನ್ನಿಸಿತು.

ಮತ್ತಿಕೆರೆಯಲ್ಲಿ ಸೀಟ್ ಕವರ್ ಹಾಕುವವರೊಬ್ಬರು ಇಂಥ ಕೆಲಸವನ್ನೂ ಮಾಡುತ್ತಾರೆಂದು ತಿಳಿದು ಅಲ್ಲಿಗೆ ಹೋದೆ. ನಲವತ್ತರ ಆಸುಪಾಸಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು.

“ಡಿಕ್ಕೀಲಿ ಹಾಕ್ಬಿಡ್ಲಾ ಮೇಡಂ? ಎಲ್ಲಾರೂ ಅಲ್ಲೇ ಹಾಕಿಸ್ಕೋತಾರೆ.”

“ಡಿಕ್ಕಿ ತೆಗೆಯೋ ಹೊತ್ತಿಗೆ ಕಾರು ಸುಟ್ಟುಹೋಗಿರತ್ತೆ.”

“ಅದೂ ನಿಜ. ನಿಮ್ ಸೀಟ್ ಕೆಳಗೆ?” ಎಂದವರು ತಾವೇ ತಲೆ ಆಡಿಸಿದರು. “ಬೇಡ ಬೇಡ. ಕ್ಲಾಂಪ್ ಬಿಟ್ಕೊಂಡ್ರೆ ಉರುಳಿ ಬ್ರೇಕ್ ಪೆಡಲ್ ಕೆಳಗೆ ಹೋಗಿ ಕೂತ್ಕೊಳ್ಳತ್ತೆ. ಆಮೇಲೆ ನನ್ ಹೆಸರು ಹೇಳ್ಕೊಂಡು ಅಳ್ತೀರ. ಲೆಫ್ಟ್ ಸೀಟ್ ಮುಂದೆ ಹಾಕ್ತೀನಿ. ಅಲ್ಲಿ ಯಾರ್ ಕೂತ್ಕೋತಾರೆ?”

“ಶನಿವಾರ ಒಬ್ರು.”

“ವಾರಕ್ಕೊಂದಿನ ತಾನೇ. ಅಡ್ಜಸ್ಟ್ ಮಾಡ್ಕೋತಾರೆ ಬಿಡಿ.”

ನೆಲಕ್ಕೆ ತೂತು ಹೊಡೆಯುವುದು ಬೇಡವೆಂದೆ. ಸೀಟಿನಡಿಯಲ್ಲಿ ವೈರುಗಳಿರುತ್ತವೆ. ಅವರು ಸೀಟಿನ ಮುಂದಿನ ಎರಡು ಬೋಲ್ಟುಗಳನ್ನು ಬಿಚ್ಚಿ, ಅವುಗಳಡಿಗೆ ಒಂದು ಕಬ್ಬಿಣದ ಪಟ್ಟಿ ಸೇರಿಸಿ ಮತ್ತೆ ಬಿಗಿದು, ಆ ಪಟ್ಟಿಯ ಮೇಲೆ ಕ್ಲಾಂಪು ಕೂರಿಸಿದರು. ಸಿಲಿಂಡರ್ ಅಡ್ಡವಾಗಿ, ಮಾಪಕ ಮೇಲ್ಮುಖವಾಗಿ ಮಲಗಿತು. ಬಾಗಿಲು ತೆಗೆದರೆ ಮುಳ್ಳು ಮೊದಲು ಕಾಣುತ್ತಿತ್ತು.

ಆ ಭಾನುವಾರ ಮನೆಯ ಮುಂದೆ ಕಾರು ನಿಲ್ಲಿಸಿ, ನನ್ನ ಬೆಲ್ಟು ಬಿಚ್ಚುವುದರಿಂದ ಹಿಡಿದು ಪಿನ್ನಿನ ಉಂಗುರಕ್ಕೆ ಬೆರಳು ಹಾಕುವ ತನಕ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದೆ. ಹತ್ತು ಸಲ ಮಾಡಿದೆ. ಸರಾಸರಿ ಆರು ಸೆಕೆಂಡು. ಅದನ್ನು ಹೇಳಬೇಕೆನ್ನಿಸಿತು. ಹೇಳಲು ತಕ್ಷಣಕ್ಕೆ ಯಾರೂ ನೆನಪಾಗಲಿಲ್ಲ. ಮನೆಯವರೆಲ್ಲ ಬೇರೆ ಊರಿನಲ್ಲಿದ್ದಾರೆ. ಫೋನಿನಲ್ಲಿ ಊಟ, ಆರೋಗ್ಯ, ಮತ್ತೇನು ಸಮಾಚಾರ ಎನ್ನುವಷ್ಟರಲ್ಲಿ ನಮ್ಮ ಮಾತು ಮುಗಿದಿರುತ್ತದೆ. ಆಫೀಸಿನಲ್ಲಿ ನನ್ನ ಮಾತೆಲ್ಲ ಅಂಕಿಗಳದು. ಶನಿವಾರ ಆಂಟಿಗೆ ಹೇಳೋಣ ಎಂದುಕೊಂಡೆ.

ಆಂಟಿ ಎಂದರೆ ಗಂಗಾನಗರದಲ್ಲಿ ನಾನಿರುವ ಮನೆಯ ಯಜಮಾನಿ. ಕೆಳಗೆ ಅವರು, ಮೇಲೆ ನಾನು. ಐವತ್ತೈದು ದಾಟಿದವರು. ಸೀರೆಗಳಿಗೆ ಫಾಲ್ಸ್ ಹಚ್ಚಿ, ಕುಚ್ಚು ಕಟ್ಟುತ್ತಾರೆ. ಹಾಲಿನ ಗೋಡೆಯ ಮೇಲೆ ಅವರ ಯಜಮಾನರ ಫೋಟೋ ಇದೆ, ಅದಕ್ಕೊಂದು ಗಂಧದ ಹಾರ. ಯಾವಾಗ ಹೋದರು, ಹೇಗೆ ಹೋದರು ಎಂದು ನಾನು ಕೇಳಿರಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದು ನಂಬಿದ್ದೆ.

ಪ್ರತಿ ಶನಿವಾರ ಬೆಳಗ್ಗೆ ಅವರು ಮುಗಿಸಿದ ಸೀರೆಗಳ ಗಂಟನ್ನು ಮತ್ತಿಕೆರೆಯ ಒಂದು ಅಂಗಡಿಗೆ ಕೊಟ್ಟು, ಹೊಸ ಸೀರೆಗಳನ್ನೂ ವಾರದ ತರಕಾರಿಯನ್ನೂ ತರುತ್ತಾರೆ. ಒಮ್ಮೆ ಮಳೆಗೆ ಆಟೋ ಸಿಗದೆ ಗೇಟಿನಲ್ಲಿ ನಿಂತಿದ್ದವರನ್ನು ನಾನು ಕರೆದುಕೊಂಡು ಹೋಗಿದ್ದೆ. ಆ ಮೇಲಿನ ಶನಿವಾರ ಅವರೇ ಬಂದು, “ಹೋಗೋಣ್ವಾ?” ಎಂದರು. ಒಂದು ವರ್ಷದಿಂದ ಹಾಗೆಯೇ ನಡೆದಿತ್ತು. ಗಂಟು ಹಿಂದಿನ ಸೀಟಿನಲ್ಲಿ, ಆಂಟಿ ಮುಂದೆ. ಗಂಟು ಎಷ್ಟೇ ದೊಡ್ಡದಿರಲಿ, ಮಡಿಲಲ್ಲಿ ಚೀಲವಿರಲಿ, ಅವರು ಹಿಂದೆ ಕೂತದ್ದೇ ಇಲ್ಲ. ನಾನು ಅವರ ಡ್ರೈವರಿನಂತೆ ಕಾಣಬಾರದೆಂಬ ಸೌಜನ್ಯ ಅದು ಎಂದು ಭಾವಿಸಿದ್ದೆ. ಬೆಲ್ಟು ಹಾಕಿಕೊಳ್ಳಲು ಅವರು ಯಾವಾಗಲೂ ತಡ ಮಾಡುತ್ತಿದ್ದರು, ಕಾರು ಕುಂಯ್‌ಗುಡುತ್ತಿತ್ತು. “ಇರೋ, ಇರೋ, ಹಾಕ್ಕೋತಿದೀನಿ, ನೀನೇನ್ ನಮ್ಮತ್ತೇನಾ?” ಎಂದು ಕಾರಿಗೇ ಹೇಳುತ್ತಿದ್ದರು. ನಾನು ಓಡಿಸುವ ರೀತಿ ಅವರಿಗೆ ತಮಾಷೆ. “ಇಷ್ಟು ಮೆತ್ತಗೆ ಹೋದ್ರೆ ನಾವು ಸೇರೋ ಹೊತ್ತಿಗೆ ಈ ಸೀರೆ ಫ್ಯಾಷನ್ನೇ ಹೋಗಿರತ್ತೆ ಕಣಮ್ಮ.” ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಅವರಿಗೆ ಅದರಿಂದ ತೊಂದರೆಯೇನೂ ಆದಂತಿರಲಿಲ್ಲ. ಆ ಎರಡು ತಾಸು ಬಿಟ್ಟರೆ ವಾರದಲ್ಲಿ ಯಾರೂ ನನ್ನನ್ನು ಹಾಸ್ಯ ಮಾಡುತ್ತಿರಲಿಲ್ಲ.

ಆ ಶನಿವಾರ ನಾನೇ ಒಂದು ಹಾಸ್ಯ ಮಾಡಬೇಕೆಂದುಕೊಂಡೆ. ಮೆಟ್ಟಿಲಿಳಿಯುವಾಗ ವಾಕ್ಯವನ್ನು ಸಿದ್ಧ ಮಾಡಿಕೊಂಡಿದ್ದೆ ಕೂಡ. ಆಂಟಿ ಗಂಟನ್ನು ಹಿಂದೆ ಇಟ್ಟು, ಮುಂದಿನ ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು ಬಗ್ಗಿ ನೋಡಿದರು.

“ಇದೇನಿದು?”

“ಸಿಲಿಂಡರ್ ಆಂಟಿ, ಹೊಸಾದು. ಕಾಲು ಸ್ವಲ್ಪ ಆ ಕಡೆ ಇಟ್ಕೊಳ್ಳಿ. ಮುಳ್ಳು ನೋಡ್ತಾ ಇರೋ ಕೆಲಸ ನಿಮ್ದು. ಕೆಂಪಿಗೆ ಬಂದ್ರೆ ನಂಗೆ ಹೇಳ್ಬೇಕು.”

ಅವರು ನಗಲಿಲ್ಲ. ಒಳಗಿಟ್ಟ ಕಾಲನ್ನು ಹೊರಗೆ ತೆಗೆದರು. ಬಾಗಿಲನ್ನು ಹಿಡಿದುಕೊಂಡೇ, “ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಅನ್ಸತ್ತೆ. ನೀನು ಹೊರಡು,” ಎಂದು ಒಳಗೆ ಹೋದರು. ನಾನು ಹದಿನೈದು ನಿಮಿಷ ಕಾದೆ. ಆಮೇಲೆ ಇಳಿದು ಹೋಗಿ ಬಾಗಿಲ ಬಳಿ ನಿಂತು ಕೇಳಿದೆ. ಒಳಗಿನಿಂದಲೇ, “ತಲೆ ನೋವು ಕಣಮ್ಮ, ಇವತ್ತು ಬೇಡ,” ಎಂದರು. ಗಂಟನ್ನು ಅವರ ಬಾಗಿಲಿನ ಪಕ್ಕದ ಕುರ್ಚಿಯ ಮೇಲಿಟ್ಟು ಹೊರಟೆ.

ಮುಂದಿನ ಶನಿವಾರ ಹತ್ತೂವರೆಗೆ ನಾನು ಇಳಿದು ಬರುವಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತ್ತು. “ಆ ಕಡೆ ಇನ್ನೊಂದು ಕೆಲ್ಸ ಇದೆ,” ಎಂದರು ಆಂಟಿ, ನನ್ನ ಕಡೆ ಸರಿಯಾಗಿ ನೋಡದೆ. ಮತ್ತೊಂದು ಶನಿವಾರವೂ ಆಟೋ.

ಯೋಚಿಸಿ ಯೋಚಿಸಿ ಒಂದು ಕಾರಣವನ್ನು ಕಂಡುಕೊಂಡೆ: ಅದು ಸಿಡಿಯುತ್ತದೆಂದು ಅವರು ಹೆದರಿದ್ದಾರೆ. ಸಿಲಿಂಡರ್ ಎಂದರೆ ಯಾರಿಗಾದರೂ ಅಡುಗೆ ಗ್ಯಾಸೇ ಕಣ್ಣ ಮುಂದೆ ಬರುತ್ತದೆ, ನಾನು ಆ ಪದ ಬಳಸಬಾರದಿತ್ತು. ಎದುರು ನಿಂತು ವಿವರಿಸುವುದು ನನ್ನಿಂದ ಆಗದ ಕೆಲಸ. ಅರ್ಧ ಹಾಳೆಯಲ್ಲಿ ಬರೆದೆ. ಒಳಗಿರುವುದು ಗ್ಯಾಸ್ ಅಲ್ಲ, ಪುಡಿ, ಅದನ್ನು ಹೊರತಳ್ಳಲು ಬೇಕಾದಷ್ಟೇ ಒತ್ತಡವಿದೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಅದಕ್ಕೆ ಏನೂ ಆಗುವುದಿಲ್ಲ, ಭದ್ರವಾಗಿ ಬಿಗಿಸಲಾಗಿದೆ. ಬರೆದದ್ದನ್ನು ಎರಡು ಸಲ ತಿದ್ದಿ, ಚೆನ್ನಾಗಿ ಪ್ರತಿ ಮಾಡಿ, ಅವರ ಬಾಗಿಲಿನ ಕೆಳಗೆ ತೂರಿಸಿದೆ. ಉತ್ತರ ಬರಲಿಲ್ಲ.

ಶನಿವಾರಗಳು ಉದ್ದವಾದವು. ತರಕಾರಿಯನ್ನು ಫೋನಿನಲ್ಲೇ ತರಿಸಲು ಶುರುಮಾಡಿದೆ. ಶುಕ್ರವಾರ ಸಂಜೆ ಆಫೀಸು ಬಿಟ್ಟ ಮೇಲೆ ನನ್ನ ಧ್ವನಿಯನ್ನು ನಾನು ಮತ್ತೆ ಕೇಳುತ್ತಿದ್ದದ್ದು ಸೋಮವಾರ ಬೆಳಗ್ಗೆ, ಸೆಕ್ಯುರಿಟಿಯವರಿಗೆ ನಮಸ್ಕಾರ ಹೇಳುವಾಗ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅದು ನಿಂತರೆ ಆಂಟಿ ಏನೋ ಕತ್ತರಿಸುತ್ತಿದ್ದಾರೆ ಅಥವಾ ಅಡುಗೆಮನೆಗೆ ಹೋದರು ಎಂದು ಊಹಿಸುತ್ತಿದ್ದೆ. ಅವರು ನನ್ನ ಹೆಜ್ಜೆಗಳನ್ನೂ ಹಾಗೆ ಕೇಳಿಸಿಕೊಳ್ಳುತ್ತಿರಬಹುದೆಂಬ ಯೋಚನೆಯಿಂದ ಕೆಲವು ಸಲ ಬೇಕೆಂದೇ ಭಾರವಾಗಿ ನಡೆದೆ. ಅದು ಹೇಳಿಕೊಳ್ಳುವಂಥ ವಿಷಯವಲ್ಲ.

ಹೀಗೆ ಒಂದು ತಿಂಗಳಾಯಿತು. ಪುಡಿಯ ಸಿಲಿಂಡರನ್ನು ತಿಂಗಳಿಗೊಮ್ಮೆ ತೆಗೆದು, ತಲೆಕೆಳಗು ಮಾಡಿ, ತಳಕ್ಕೆ ಅಂಗೈಯಿಂದ ತಟ್ಟಬೇಕು. ಇಲ್ಲದಿದ್ದರೆ ಕಾರಿನ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಒಂದು ಶನಿವಾರ ಮಧ್ಯಾಹ್ನ, ಗೇಟಿನ ಒಳಗೆ ಕಾರಿನ ಪಕ್ಕ ನಿಂತು ಅದನ್ನೇ ಮಾಡುತ್ತಿದ್ದೆ. ಒಳಗೆ ಪುಡಿ ಸರಿದ ಸದ್ದು ಬರುತ್ತದೆಯೇ ಎಂದು ಕಿವಿಗೆ ಹಚ್ಚಿಕೊಂಡಿದ್ದೆ. ಆಂಟಿ ಆಟೋದಿಂದ ಇಳಿದು, ಗಂಟು ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದು ನನಗೆ ತಿಳಿಯಲಿಲ್ಲ.

“ಖಾಲಿ ಆಯ್ತಾ?” ಎಂದರು.

“ಇಲ್ಲ ಆಂಟಿ. ಪುಡಿ ಗಟ್ಟಿಯಾಗ್ದೇ ಇರ್ಲಿ ಅಂತ.”

“ಹೌದಲ್ಲ, ಪುಡಿ. ನಿನ್ ಚೀಟಿ ಓದ್ದೆ. ಪರೀಕ್ಷೆಗೆ ಬರ್ದಂಗಿತ್ತು. ಮಾರ್ಕ್ಸ್ ಹಾಕಿ ವಾಪಸ್ ಕೊಡೋಣ ಅಂತಿದ್ದೆ.”

ಗಂಟನ್ನು ಮೆಟ್ಟಿಲ ಮೇಲಿಟ್ಟು ಅದರ ಪಕ್ಕ ಕೂತರು. ನಾನು ಸಿಲಿಂಡರ್ ಹಿಡಿದುಕೊಂಡು ನಿಂತೇ ಇದ್ದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಸಿಡಿಯತ್ತೆ ಅಂತ ನಾನು ಹೆದರ್ಕೊಂಡೆ ಅಂದ್ಕೊಂಡ್ಯಾ?”

“ಹೌದು.”

“ಅದಲ್ಲ ಕಣಮ್ಮ.”

ಆಮೇಲೆ ಅವರು ಹೇಳಿದ್ದು ಇಷ್ಟು. ಕೊರೋನಾದ ಎರಡನೇ ಅಲೆಯಲ್ಲಿ ಅವರ ಯಜಮಾನರಿಗೆ ಉಸಿರು ಸಾಲದಾಯಿತು. ಪರಿಚಯದವರಿಂದ ಒಂದು ಆಕ್ಸಿಜನ್ ಸಿಲಿಂಡರ್ ಸಿಕ್ಕಿತು. ಆಂಟಿಯ ತಮ್ಮ ಕಾರು ಓಡಿಸಿದರು. ಯಜಮಾನರು ಮುಂದೆ, ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿಕೊಂಡು. ಆಂಟಿ ಅವರ ಹಿಂದೆ, ಸಿಲಿಂಡರನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ತಬ್ಬಿಕೊಂಡು. ಮುಳ್ಳು ನೋಡುತ್ತಿರುವುದು ಅವರ ಕೆಲಸ. ಎರಡು ಆಸ್ಪತ್ರೆಗಳಲ್ಲಿ ಬೆಡ್ ಇಲ್ಲವೆಂದರು. ಮೂರನೆಯ ಕಡೆಗೆ ಹೊರಟಿದ್ದರು.

“ಕೈ ಹಿಂದೆ ಮಾಡಿ ನನ್ ಮೊಣಕಾಲು ತಟ್ಟಿದ್ರು. ಎಷ್ಟಿದೆ ಅಂದ್ರು. ಮಾತಾಡೋಕೆ ಆಗ್ತಿರ್ಲಿಲ್ಲ, ಬೆರಳಲ್ಲಿ ಹಿಂಗೆ. ಅರ್ಧ ಇದೆ ರೀ ಅಂದೆ.” ಗಂಟಿನ ತುದಿಯನ್ನು ಬಿಗಿ ಮಾಡಿದರು. “ಮುಳ್ಳು ಕೆಂಪಲ್ಲಿತ್ತು. ಅವರಿಗೆ ಸುಳ್ಳು ಹೇಳಿದ್ದು ಅದೊಂದೇ ಸಲ. ನಂಬ್ಕೊಂಡು ಹಂಗೇ ಕಣ್ಮುಚ್ಚಿ ಒರಗ್ಕೊಂಡ್ರು.”

ಆಸ್ಪತ್ರೆ ಸೇರುವ ಮೊದಲೇ ಮುಗಿದಿತ್ತು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಂದಿನಿಂದ ಯಾವ ಕಾರಿನಲ್ಲೂ ಹಿಂದೆ ಕೂರುವುದಿಲ್ಲವಂತೆ. ಟ್ಯಾಕ್ಸಿ ಹತ್ತಿದರೂ ಮುಂದೆಯೇ. ಆಟೋದಲ್ಲಿ ಮಾತ್ರ ಹಾಗನ್ನಿಸುವುದಿಲ್ಲ, ಅದಕ್ಕೆ ಬಾಗಿಲೇ ಇಲ್ಲವಲ್ಲ ಎಂದರು.

ಮುಳ್ಳು ನೋಡ್ತಾ ಇರಿ, ಕೆಂಪಿಗೆ ಬಂದ್ರೆ ಹೇಳಿ ಎಂದು ನಗುನಗುತ್ತ ಹೇಳಿದವಳು ನಾನು. ಏನಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು:

“ಇದು ಆಕ್ಸಿಜನ್ ಅಲ್ಲ ಆಂಟಿ.”

“ಗೊತ್ತು ಕಣಮ್ಮ. ನಾನೇನ್ ದಡ್ಡೀನಾ?” ಎಂದು ಎದ್ದರು. “ಕಾಲಿಗೆ ಗೊತ್ತಾಗ್ಬೇಕಲ್ಲ. ಆವತ್ತು ಒಳಗಿಟ್ಟೆ, ನಿಲ್ಲಲೇ ಇಲ್ಲ ಅದು.”

“ತೆಗೆಸ್ಬಿಡ್ತೀನಿ.”

“ತೆಗೆಸ್ಬೇಡ. ದಿನಾ ಆ ಹೆಬ್ಬಾಳ ದಾಟಿ ಒಬ್ಳೇ ಹೋಗಿ ಬರ್ತೀಯ, ನಿಂಗದು ಬೇಕು. ನಂಗೇನು, ಆಟೋ ಇದೆ.” ಗಂಟೆತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕುವ ಮುಂಚೆ, “ಕಾಫಿ ಕುಡಿತೀಯಾ?” ಎಂದು ಕೇಳಿದರು. ನಾನು ಅಭ್ಯಾಸಬಲದಿಂದ ಬೇಡ ಆಂಟಿ ಎಂದೆ. ಮೇಲೆ ಹೋಗಿ ಕೂತ ಮೇಲೆ, ಕುಡಿಯುತ್ತೇನೆ ಎನ್ನಬಹುದಿತ್ತಲ್ಲ ಅನ್ನಿಸಿತು.

ಮಾರನೆಯ ದಿನ ಬೆಳಗ್ಗೆ, ಭಾನುವಾರ, ಒಂಬತ್ತಕ್ಕೆಲ್ಲ ಮತ್ತಿಕೆರೆಯ ಸೀಟ್ ಕವರ್ ಅಂಗಡಿಯ ಮುಂದಿದ್ದೆ. ಅವರು ಆಗಷ್ಟೇ ಷಟರ್ ಎತ್ತಿ ನೀರು ಚಿಮುಕಿಸುತ್ತಿದ್ದರು.

“ಇದನ್ನ ನನ್ ಸೀಟಿನ ಹಿಂದೆ ಹಾಕ್ಬೇಕು,” ಎಂದೆ. “ಹಿಂದಿನ ಬೋಲ್ಟಿಗೆ.”

“ಯಾಕ್ ಮೇಡಂ? ಅಲ್ಲಿ ಕೈಗೆ ಸಿಗಲ್ಲ. ಇಳಿದು, ಹಿಂದಿನ ಡೋರ್ ತೆಗೀಬೇಕು.”

“ಗೊತ್ತು. ಮುಂದೆ ಕೂರೋರಿಗೆ ಕಾಲಿಡೋಕೆ ಜಾಗ ಬೇಕು.”

ಅವರು ನನ್ನನ್ನೊಮ್ಮೆ ನೋಡಿ, ಸ್ಪ್ಯಾನರ್ ತೆಗೆದುಕೊಂಡರು. ಕೆಲಸ ಮುಗಿದ ಮೇಲೆ ಅಲ್ಲೇ ರಸ್ತೆ ಬದಿಯಲ್ಲಿ ಅಳೆದು ನೋಡಿದೆ. ಬೆಲ್ಟು ಬಿಚ್ಚಿ, ಇಳಿದು, ಹಿಂದಿನ ಬಾಗಿಲು ತೆಗೆದು, ಉಂಗುರಕ್ಕೆ ಬೆರಳು ಹಾಕುವ ತನಕ ಹನ್ನೊಂದು ಸೆಕೆಂಡು. ಐದು ಸೆಕೆಂಡು ಹೆಚ್ಚು. ಅಷ್ಟನ್ನು ನಾನು ಕೊಡಬಹುದು ಎಂದುಕೊಂಡೆ.

ಮನೆಗೆ ಬಂದು ಆಂಟಿಯ ಬೆಲ್ ಒತ್ತಿದೆ. ಅಷ್ಟು ದಿನವೂ ಕರೆಯುತ್ತಿದ್ದವರು ಅವರು, ಬರುತ್ತೇನೆ ಎನ್ನುತ್ತಿದ್ದವಳು ನಾನು. ಬಾಗಿಲು ತೆಗೆದವರ ಬೆರಳಿಗೆ ದಾರ ಸುತ್ತಿತ್ತು.

“ಆಂಟಿ, ನಂಜೊತೆ ಕಾರಲ್ಲಿ ಬನ್ನಿ,” ಎಂದೆ.

“ಎಲ್ಲಿಗೆ?”

ಅದನ್ನು ನಾನು ಯೋಚಿಸಿರಲಿಲ್ಲ. “ಎಲ್ಲಿಗಾದ್ರೂ.”

“ಭಾನುವಾರ ಬೆಳಗ್ಗೆ ಎಲ್ಲಿಗಾದ್ರೂ ಅಂದ್ರೆ?” ಎಂದರೂ ಚಪ್ಪಲಿ ಮೆಟ್ಟಿಕೊಂಡು ಕಾರಿನ ತನಕ ಬಂದರು. ಮುಂದಿನ ಬಾಗಿಲನ್ನು ತಾವೇ ತೆಗೆದು, ಬಗ್ಗಿ, ಸೀಟಿನ ಮುಂದಿನ ಖಾಲಿ ಜಾಗವನ್ನು ನೋಡಿದರು. ಕೈ ಹಾಕಿ ಮ್ಯಾಟನ್ನು ಸರಿ ಮಾಡಿದರು. ಕೂರಲಿಲ್ಲ.

“ಎಲ್ಲಿಟ್ಟೆ?”

“ನನ್ ಸೀಟಿನ ಹಿಂದೆ. ಇಲ್ಲಿ ಕೂತ್ರೆ ಕಾಣ್ಸಲ್ಲ.”

ಅವರು ಹಿಂದಿನ ಕಿಟಕಿಯ ಕಡೆ ತಿರುಗಲಿಲ್ಲ. ಬಾಗಿಲನ್ನು ಮೆಲ್ಲಗೆ ಹಾಕಿ, ಬೆರಳಿನ ದಾರ ಬಿಚ್ಚುತ್ತ ನಿಂತರು.

“ಇವತ್ತು ಆಗಲ್ಲ ಕಣಮ್ಮ,” ಎಂದರು ಕೊನೆಗೆ. “ಶನಿವಾರ ನೋಡೋಣ. ಕೂತು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಇಳಿದುಬಿಡ್ತೀನಿ, ನೀನು ಬೇಜಾರು ಮಾಡ್ಕೋಬಾರ್ದು.”

“ಮಾಡ್ಕೊಳಲ್ಲ.”

ಅವರು ಒಳಗೆ ಹೊರಟರು. ನಾನು ಕಾರಿಗೆ ಬೀಗ ಹಾಕಿ, ಮೆಟ್ಟಿಲ ಕಡೆ ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಅವರ ಬಾಗಿಲು ಇನ್ನೂ ತೆರೆದಿರುವಾಗಲೇ, ಕಾಫಿ ಇದೆಯಾ ಎಂದು ಕೇಳಿದೆ.